ಕಾಲೇಜು ಸೀಟಿನ ವಿಷಯ ಯಾರನ್ನು ಕೇಳುವುದು?

ದ್ವಿತೀಯ ಪಿಯುಸಿ ಫಲಿತಾಂಶ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಉಡುಪಿಯ ಪಿಯು ಕಾಲೇಜೊಂದರಲ್ಲಿ ಪಾಠ ಮಾಡುವವನಾದ್ದರಿಂದ ಪರಿಚಯದವರಿಗೆಲ್ಲ ಸಲಿಗೆ. ಬ್ರಹ್ಮಾವರ, ಕಾಪು, ಹೆಬ್ರಿ ಕಡೆಯ ತಂದೆತಾಯಂದಿರು ಕೇಳುವುದು ಒಂದೇ: "ಸರ್, ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಯಾರ ಮಾತು ನಂಬುವುದು?"

ಹೇಳುವವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಮೊದಲು ವಿಚಾರಿಸಿ, ಅಷ್ಟೇ ನನ್ನ ಉತ್ತರ. "ಉಚಿತ ಮಾರ್ಗದರ್ಶನ" ಎಂದು ಬೋರ್ಡ್ ಹಾಕಿದ ಎಷ್ಟೋ ಕನ್ಸಲ್ಟೆನ್ಸಿಗಳಿಗೆ ಕಾಲೇಜಿನಿಂದ ಅಡ್ಮಿಷನ್ ಲೆಕ್ಕದಲ್ಲಿ ಕಮಿಷನ್ ಸಂದಾಯವಾಗುತ್ತದೆ. ಕಮಿಷನ್ ಕೊಡದ ಕಾಲೇಜಿನ ಹೆಸರು ಅಂಥವರ ಬಾಯಲ್ಲಿ ಬರುವುದು ಕಷ್ಟ, ಸರಕಾರಿ ಕಾಲೇಜಿನದಂತೂ ಇನ್ನೂ ಕಷ್ಟ. "ಕೊನೆಯ ಸೀಟು, ಇವತ್ತೇ ಅಡ್ವಾನ್ಸ್ ಕಟ್ಟಿ" ಎಂದರೆ ಎದ್ದು ಬನ್ನಿ.

ಹೇಳುವವರನ್ನು ಅಳೆಯಲು ಇನ್ನೊಂದು ದಾರಿಯೂ ಉಂಟು. ಕೇಂದ್ರ ಸರಕಾರದ ಇಂಜಿನಿಯರಿಂಗ್ ಸಂಸ್ಥೆಯಾದ ಸುರತ್ಕಲ್ ಎನ್‌ಐಟಿಕೆಯಲ್ಲಿ ಮ್ಯಾನೇಜ್‌ಮೆಂಟ್ ಕೋಟಾ ಎಂಬುದೇ ಇಲ್ಲ. ನಮ್ಮ ಮಕ್ಕಳಿಗೆ ಅಲ್ಲಿ ಬಿ.ಟೆಕ್ ಸೀಟು ಸಿಗುವುದು ಜೆಇಇ ಮೈನ್ ರ‍್ಯಾಂಕಿನ ಮೇಲೆ, ಕೇಂದ್ರದ ಸೀಟು ಹಂಚಿಕೆ ಕೌನ್ಸೆಲಿಂಗ್‌ನಲ್ಲಿ. ಎಂಬಿಬಿಎಸ್‌ಗೆ ನೀಟ್ ಬೇಕೇ ಬೇಕು. ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟು ಕೂಡ ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಸಮಿತಿ, ಅಂದರೆ ಎಂಸಿಸಿ, ನಡೆಸುವ ಕೌನ್ಸೆಲಿಂಗ್ ಮೂಲಕವೇ. ಇಂಥ ಸೀಟನ್ನು "ನಾನು ಮಾಡಿಸಿ ಕೊಡ್ತೇನೆ" ಎನ್ನುವವನ ಮಾತು ಬೇರೆ ಯಾವ ವಿಷಯದಲ್ಲೂ ನಂಬುವಂಥದ್ದಲ್ಲ.

ಹಾಗಾದರೆ ನಂಬುವುದು ಯಾವುದನ್ನು? ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯ ಮಟ್ಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ತನ್ನ ವೆಬ್‌ಸೈಟಿನಲ್ಲಿ ಹಾಕುವ ಮಾಹಿತಿ ಪುಸ್ತಕವನ್ನು. ಅದು ಓದಲು ಬೇಸರದ್ದೇ, ಆದರೂ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಓದಿ. ಜೊತೆಗೆ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ ತೆಗೆದುಕೊಳ್ಳಿ. ಕಾಲೇಜಿಗೊಂದು, ಬ್ರಾಂಚಿಗೊಂದು, ವರ್ಗಕ್ಕೊಂದು ಕೊನೆಯ ರ‍್ಯಾಂಕ್ ಅದರಲ್ಲಿ ಇರುತ್ತದೆ. ಹಿಂದುಳಿದ 2ಎ ವರ್ಗದ, ಹಳ್ಳಿಶಾಲೆಯಲ್ಲಿ ಓದಿದ ಹುಡುಗಿ ಬರೀ ಜಿಎಂ (ಜನರಲ್ ಮೆರಿಟ್) ಕಾಲಂ ನೋಡಿ ನಿರಾಸೆಪಡುವುದನ್ನು ಕಂಡಿದ್ದೇನೆ. ಅವಳು ನೋಡಬೇಕಾದದ್ದು 2ಎಆರ್ ಕಾಲಂ. ಕೊನೆಯ 'ಆರ್' ಗ್ರಾಮೀಣ ಮೀಸಲಾತಿಯದ್ದು, 'ಕೆ' ಇದ್ದರೆ ಕನ್ನಡ ಮಾಧ್ಯಮದ್ದು.

ತಪ್ಪು ಸಲಹೆ ಅತಿ ಹೆಚ್ಚು ಓಡಾಡುವುದು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು-ಬ್ರಾಂಚುಗಳನ್ನು ಕ್ರಮವಾಗಿ ಪಟ್ಟಿ ಮಾಡಿ ಕೊಡುವ ಹೊತ್ತಿಗೆ. "ಕಂಪ್ಯೂಟರ್ ಸೈನ್ಸ್ ಸಿಗುವುದು ಡೌಟು, ಖಂಡಿತ ಸಿಗುವ ಮೆಕ್ಯಾನಿಕಲನ್ನೇ ಮೊದಲು ಹಾಕು" ಎಂದು ಧೈರ್ಯವಾಗಿ ಹೇಳುವವರಿದ್ದಾರೆ. ಹಾಗೆ ಮಾಡಲೇಬೇಡಿ. ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬಂದು, ನಿಮ್ಮ ರ‍್ಯಾಂಕಿಗೆ ಎಟಕುವ ಮೊದಲ ಸೀಟನ್ನು ಕೊಡುತ್ತಾರೆ. ಎಟಕದ್ದು ಮೇಲಿದ್ದರೆ ನಷ್ಟ ಏನೂ ಇಲ್ಲ, ಕೆಳಗಿನದಕ್ಕೆ ಇಳಿಯುತ್ತದೆ. ಮೆಕ್ಯಾನಿಕಲ್ ಮೇಲಿಟ್ಟು ಅದೇ ಸಿಕ್ಕಿತೋ, ಅದರ ಕೆಳಗಿನ ಕಂಪ್ಯೂಟರ್ ಸೈನ್ಸ್ ಮುಂದಿನ ಸುತ್ತಿಗೂ ಲೆಕ್ಕಕ್ಕಿಲ್ಲ. ಬೇಕಾದದ್ದನ್ನು ಬೇಕಾದ ಕ್ರಮದಲ್ಲೇ ಬರೆಯಿರಿ. ಮೊದಲು ಅಣಕು ಹಂಚಿಕೆ (ಮಾಕ್ ಅಲಾಟ್ಮೆಂಟ್) ಬರುತ್ತದೆ, ಅದನ್ನು ನೋಡಿ ತಿದ್ದಲು ಅವಕಾಶವೂ ಇರುತ್ತದೆ. ಸೀಟು ಸಿಕ್ಕಿದ ಮೇಲಿನ ಛಾಯ್ಸ್‌ಗಳಲ್ಲೂ ಜಾಗ್ರತೆ: ಛಾಯ್ಸ್ 2, ಅಂದರೆ ಸಿಕ್ಕಿದ್ದನ್ನು ಇಟ್ಟುಕೊಂಡೇ ಪಟ್ಟಿಯಲ್ಲಿ ಅದಕ್ಕಿಂತ ಮೇಲಿನದಕ್ಕೆ ಕಾಯುವುದು, ತೆಗೆದುಕೊಂಡವರಿಗೆ ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕಿದರೆ ಹಿಂದಿನ ಸೀಟು ತಾನಾಗಿಯೇ ಹೋಗುತ್ತದೆ. ಛಾಯ್ಸ್ 3 ಎಂದರೆ ಸಿಕ್ಕಿದ್ದನ್ನು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು.

ಕಾಲೇಜು ಹೇಗಿದೆ ಎಂಬುದಕ್ಕೆ ಪುಸ್ತಕ ಸಾಲದು. ಅಲ್ಲಿ ಮೂರನೇ ವರ್ಷದಲ್ಲಿ ಓದುತ್ತಿರುವ ನಿಮ್ಮೂರಿನ ಹುಡುಗನನ್ನೋ ಹುಡುಗಿಯನ್ನೋ ಹುಡುಕಿ. ಮೊದಲ ವರ್ಷದವರಿಗೆ ಇನ್ನೂ ಹೊಸತರ ಖುಷಿ ಇರುತ್ತದೆ. "ಪ್ಲೇಸ್‌ಮೆಂಟ್ ಹೇಗುಂಟು?" ಎಂದು ಕೇಳಬೇಡಿ, "ಚೆನ್ನಾಗುಂಟು" ಎನ್ನುತ್ತಾರೆ. "ನಿನ್ನ ಸೀನಿಯರ್ ಬ್ಯಾಚಿನಲ್ಲಿ, ನಿನ್ನದೇ ಬ್ರಾಂಚಿನವರು, ಎಷ್ಟು ಜನ ಕೆಲಸಕ್ಕೆ ಸೇರಿದ್ರು?" ಎಂದು ಕೇಳಿ. ರಶೀದಿಯಲ್ಲಿರುವ ಫೀಸಿನ ಹೊರತು ವರ್ಷಕ್ಕೆ ಏನೆಲ್ಲ ಖರ್ಚು ಬಂತು ಎಂದು ಅವರ ಅಮ್ಮನನ್ನು ಕೇಳಿ.

ನಿಮ್ಮ ಪಿಯು ಕಾಲೇಜಿನ ಉಪನ್ಯಾಸಕರನ್ನು ಮರೆಯಬೇಡಿ. ಮಗುವಿಗೆ ಗಣಿತ ಎಷ್ಟು ಒಗ್ಗುತ್ತದೆ ಎಂದು ಎರಡು ವರ್ಷ ನೋಡಿದವರು ಅವರು. ಫೋನ್ ಮಾಡಲು ಸಂಕೋಚಪಡುವವರೇ ಹೆಚ್ಚು. ನಮಗೆ ಇದು ತೊಂದರೆಯಲ್ಲ, ನಿಜವಾಗಿ ಹೇಳುತ್ತಿದ್ದೇನೆ.

ಒಂದು ಕೆಲಸ ಮಾತ್ರ ಫಲಿತಾಂಶಕ್ಕೆ ಕಾಯದೆ ಮಾಡಿ. ಗ್ರಾಮೀಣ ಮೀಸಲಾತಿ ಬೇಕಾದರೆ 1ರಿಂದ 10ನೇ ತರಗತಿವರೆಗೆ ಪೂರ್ತಿ ಗ್ರಾಮೀಣ ಶಾಲೆಯಲ್ಲೇ ಓದಿರಬೇಕು, ಆ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಏಪ್ರಿಲ್-ಮೇಯಲ್ಲಿ ಶಾಲೆಗೆ ರಜೆ, ಹೆಡ್‌ಮಾಸ್ಟರು ಊರಿನಲ್ಲಿರುವುದಿಲ್ಲ. ಪ್ರೈಮರಿ ಒಂದು ಕಡೆ, ಹೈಸ್ಕೂಲು ಇನ್ನೊಂದು ಕಡೆ ಆಗಿದ್ದರೆ ಎರಡೂ ಕಡೆ ಅಲೆಯಬೇಕು. ಜಾತಿ, ಆದಾಯ ಪ್ರಮಾಣಪತ್ರದಲ್ಲಿ ಆರ್‌ಡಿ ಸಂಖ್ಯೆ (RD ಎಂದು ಶುರುವಾಗುವ ಪ್ರಮಾಣಪತ್ರದ ನಂಬರು) ಉಂಟೋ ನೋಡಿ, ಇಲ್ಲದಿದ್ದರೆ ನಾಡಕಚೇರಿಗೆ ಅರ್ಜಿ ಕೊಡಿ. ಇದೆಲ್ಲ ಮಾರ್ಚ್ ಒಳಗೇ ಮುಗಿಯಲಿ.