ಅಪ್ಪನ ಕೆಲಸವನ್ನು ಬರೆದಿಡುವಾಗ

ವರ್ಷಾಂತಿಕದ ಹೊತ್ತಿಗೆ ಅಪ್ಪನ ನೆನಪಿನದೊಂದು ಪುಸ್ತಿಕೆ ತರಬೇಕೆಂದು ಮಕ್ಕಳು ಹೊರಡುತ್ತಾರೆ. ಬರೆಯಲು ಕೂತರೆ ಮೊದಲು ಕೈಗೆ ಬರುವುದು ಮೂರು ಮಾತು: ಶ್ರಮಜೀವಿ, ಸರಳ ಸಜ್ಜನ, ಅಜಾತಶತ್ರು. ಮೂರೂ ನಿಜವೇ ಇರಬಹುದು. ಆದರೆ ಊರಿನ ಯಾವ ಅಪ್ಪನ ಫೋಟೋದ ಕೆಳಗೆ ಬರೆದರೂ ಅವು ಹೊಂದುತ್ತವೆ. ದುಡಿದು ಸಂಸಾರ ಸಾಕಿದವರ ಬದುಕು ಇರುವುದು ಅವರು ಮಾಡಿದ ಕೆಲಸದಲ್ಲಿ. ಯಾವ ತಿಂಗಳಲ್ಲಿ ಏನು ಮಾಡುತ್ತಿದ್ದರು, ಎಷ್ಟು ಅಳತೆ, ಯಾವ ಹತಾರ, ಕೆಲಸ ಕೆಟ್ಟರೆ ಎಲ್ಲಿ ಕೆಡುತ್ತಿತ್ತು, ಕೆಟ್ಟದ್ದನ್ನು ಹೇಗೆ ಸರಿಮಾಡುತ್ತಿದ್ದರು. ಇಷ್ಟನ್ನು ಬರೆದರೆ ಶ್ರಮಜೀವಿ ಎಂಬ ಪದ ಬೇಕೇ ಆಗುವುದಿಲ್ಲ.

ಮಲೆನಾಡಿನ ಅಡಿಕೆ ತೋಟದ ಮನೆಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ನಿಮ್ಮಪ್ಪ ಬಸ್ಸು ಓಡಿಸಿದವರಾಗಿದ್ದರೆ, ಮಗ್ಗದಲ್ಲಿ ಕೂತವರಾಗಿದ್ದರೆ ಆ ಜಾಗಕ್ಕೆ ಅವರ ಕೆಲಸ ಬರಲಿ.

"ಅಪ್ಪ ಮಳೆಗಾಲದಲ್ಲಿ ತೋಟಕ್ಕೆ ಔಷಧಿ ಹೊಡೆಸುತ್ತಿದ್ದರು" ಎಂದು ಬರೆದರೆ ಒಂದೇ ಸಾಲಿಗೆ ಮುಗಿಯಿತು. ಅದನ್ನೇ ಬಿಡಿಸಿ ನೋಡಿ. ಅಡಿಕೆಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು 50 ಲೀಟರಿನಲ್ಲಿ ಕರಗಿಸಬೇಕು, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕಲಸಿ ಸೋಸಬೇಕು. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕದಡುತ್ತಿರಬೇಕು. ತಿರುವುಮುರುವಾಗಿ ಸುರಿದರೆ ಕಣ ದಪ್ಪವಾಗಿ ತಳಕ್ಕೆ ಕೂರುತ್ತದೆ, ನಾಜಲ್ ಕಟ್ಟಿಕೊಳ್ಳುತ್ತದೆ. ಕಬ್ಬಿಣದ ಡ್ರಮ್ಮು ಈ ಕೆಲಸಕ್ಕೆ ಆಗದು, ತುತ್ತ ಅದನ್ನು ತಿನ್ನುತ್ತದೆ. ಹದ ನೋಡಲು ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಕೂತಿದ್ದರೆ ತುತ್ತ ಹೆಚ್ಚಾಗಿದೆ ಎಂದರ್ಥ. ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತದೆ. ಕೆಂಪು ಕೂರುವುದು ನಿಲ್ಲುವವರೆಗೆ ಸುಣ್ಣದ ನೀರು ಸೇರಿಸುತ್ತ ಹೋಗಬೇಕು. ಕಲಸಿದ್ದನ್ನು ಅದೇ ದಿನ ಮುಗಿಸಬೇಕು. ಮುಂಗಾರು ಹಿಡಿಯುವ ಮೊದಲು ಒಂದು ಸಲ, ಅಲ್ಲಿಂದ 40–45 ದಿನಕ್ಕೆ ಇನ್ನೊಂದು ಸಲ. ಎರಡನೆಯದೇ ಕಷ್ಟದ್ದು. ಮಳೆ ನಿಂತು ಹೊಳವಾಗುವುದನ್ನೇ ಕಾಯಬೇಕು, ಹೊಡೆದದ್ದು ಒಣಗುವ ಮೊದಲೇ ಮಳೆ ಬಂದರೆ ತುತ್ತವೂ ಹೋಯಿತು, ಕೂಲಿಯೂ ಹೋಯಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಶತಮಾನದ ಹಿಂದೆ ಕೊಳೆರೋಗದ ಮೇಲೆ ದುಡಿದು ಈ ಮದ್ದನ್ನು ತೋಟಗಳಿಗೆ ತಂದವರು. ನಿಮ್ಮ ತೋಟಕ್ಕೆ ಅದು ಯಾವಾಗ ಬಂತು, ಅದಕ್ಕೂ ಮೊದಲು ಅಡಿಕೆ ಗೊನೆಗೆ (ಕೊನೆಗೆ) ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರೇ ಎಂದು ಮನೆಯ ಹಿರಿಯರನ್ನು ಕೇಳಿ.

ಈಗ ಇದೇ ಜಾಗದಲ್ಲಿ ನಿಮ್ಮಪ್ಪನನ್ನು ನಿಲ್ಲಿಸಿ. ಕತ್ತಿ ಅದ್ದಿ ನೋಡುತ್ತಿದ್ದವರು ಅವರೇ ಆಗಿದ್ದರೆ? ಸುಣ್ಣ ಎಲ್ಲಿಂದ ತರುತ್ತಿದ್ದರು? ಹೊಳವಿಗೆ ಕಾಯುತ್ತಿದ್ದ ದಿನ ಮೌನವಾಗಿರುತ್ತಿದ್ದರೇ, ರೇಗುತ್ತಿದ್ದರೇ? ಕೊಯ್ಲಿನಲ್ಲಿ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಮೇಲಿದ್ದಾಗ ಕೆಳಗೆ ಕೊನೆ ಹಿಡಿಯುತ್ತಿದ್ದವರು ಯಾರು? ಹಂಡೆಯಲ್ಲಿ ಅಡಿಕೆ ಬೆಂದದ್ದು ಅವರಿಗೆ ಯಾವ ಗುರುತಿನಿಂದ ತಿಳಿಯುತ್ತಿತ್ತು? ಹೋದ ವರ್ಷ ಅಡಿಕೆ ಬೇಯಿಸಿ ಉಳಿದ ನೀರನ್ನು, ಅಂದರೆ ಚೊಗರನ್ನು, ಯಾವುದರಲ್ಲಿ ತುಂಬಿಡುತ್ತಿದ್ದರು? ಗುಣದ ಮಾತು ತಾನಾಗಿ ಇಲ್ಲೇ ಬರುತ್ತದೆ.

ಯಾರನ್ನು ಕೇಳಬೇಕು ಎನ್ನುವುದರಲ್ಲೂ ಒಂದು ಕ್ರಮವಿದೆ. ವೈಕುಂಠ ಸಮಾರಾಧನೆಯ ದಿನ ನೆಂಟರು ಬಾಯಿಬಿಟ್ಟು ಮಾತಾಡುತ್ತಾರೆ, ಅವತ್ತು ಒಂದು ನೋಟ್‌ಬುಕ್ ಕೈಯಲ್ಲಿರಲಿ. ಯಾರು ಏನು ಹೇಳಿದರು ಎಂಬಷ್ಟು ಗುರುತು ಹಾಕಿಕೊಂಡರೆ ಸಾಕು. ಅಮ್ಮನನ್ನು ಮಾತ್ರ ಆ ದಿನಗಳಲ್ಲಿ ಕೂರಿಸಿ ಕೇಳಬೇಡಿ. ಎರಡು ಮೂರು ತಿಂಗಳು ಹೋಗಲಿ. ಆ ನಡುವೆ ಅಪ್ಪನ ಜೊತೆ ದುಡಿದವರ ಹತ್ತಿರ ಹೋಗಿ ಬನ್ನಿ: ಕೊನೆಗೌಡ, ತೋಟದ ಆಳು, ಪಕ್ಕದ ತೋಟದವರು, ಸೊಸೈಟಿಯ ಗುಮಾಸ್ತರು. ಮಕ್ಕಳಿಗೆ ಅಪ್ಪ ಗೊತ್ತಿರುವುದು ಮನೆಯೊಳಗೆ. ಅಂಗಳದಾಚೆಯ ಅಪ್ಪ ಇವರಿಗೆ ಗೊತ್ತು.

"ಅವರು ಹೇಗಿದ್ದರು?" ಎಂದು ಕೇಳಿದರೆ "ಒಳ್ಳೆಯವರು" ಎಂಬ ಉತ್ತರಕ್ಕೆ ಮಾತು ನಿಂತುಹೋಗುತ್ತದೆ. "ಕೊಯ್ಲಿನ ದಿನ ಎದ್ದ ಮೇಲೆ ಮೊದಲು ಏನು ಮಾಡುತ್ತಿದ್ದರು?" ಎಂದು ಕೇಳಿ. ಕೈಯಲ್ಲೊಂದು ಅಡಿಕೆ ಸುಲಿಯುವ ಮೆಟ್ಟುಗತ್ತಿಯೋ ಹಳೇ ಫೋಟೋವೋ ಇದ್ದರೆ ಮಾತು ಇನ್ನೂ ಸಲೀಸು. ಮೊಬೈಲಿನಲ್ಲಿ ರೆಕಾರ್ಡ್ ಮಾಡುವಾಗ ಏರೋಪ್ಲೇನ್ ಮೋಡಿಗೆ ಹಾಕಿ, ಮಡಚಿದ ಟವೆಲ್ಲಿನ ಮೇಲೆ ಇಡಿ. ಮರದ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ಕೇಳುತ್ತದೆ. ಫ್ಯಾನ್ ಆರಿಸಿ. ಮುಕ್ಕಾಲು ಗಂಟೆಗೆ ನಿಲ್ಲಿಸಿ, ವಯಸ್ಸಾದವರು ಆಮೇಲೆ ದಣಿಯುತ್ತಾರೆ. ಆ ರಾತ್ರಿಯೇ ಫೈಲಿಗೆ ಹೆಸರು ಮತ್ತು ತಾರೀಕು ಕೊಟ್ಟು ಇನ್ನೊಂದು ಕಡೆ ನಕಲು ಇಡಿ.

ಅಮ್ಮನ ಹತ್ತಿರ ಕೂತಾಗ ಅಪ್ಪನ ಬಗ್ಗೆಯಷ್ಟೇ ಕೇಳಬೇಡಿ, ಇಬ್ಬರ ಕೆಲಸ ಹೇಗೆ ಹೆಣೆದುಕೊಂಡಿತ್ತು ಎಂದು ಕೇಳಿ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಅಮ್ಮ ಎಷ್ಟು ಹೊತ್ತು ಕೂರುತ್ತಿದ್ದರು, ಒಲೆಗೆ ಕಟ್ಟಿಗೆ ತುಂಬುತ್ತಿದ್ದವರು ಯಾರು, ಕೂಸು ಎದ್ದು ಅತ್ತರೆ ಯಾರು ಏಳುತ್ತಿದ್ದರು. ಮಕ್ಕಳ ಫೀಸಿಗೆ ಬಳೆ ಅಡವಿಟ್ಟದ್ದು, ಅದನ್ನು ಬಿಡಿಸಿ ತಂದ ದಿನ ಅಪ್ಪ ಏನು ಹೇಳಿದರು ಎಂಬುದು ಅಮ್ಮನಿಗಲ್ಲದೆ ಯಾರಿಗೂ ಗೊತ್ತಿರುವುದಿಲ್ಲ. ಗಂಡನಾಗಿ ಅವರು ಹೇಗಿದ್ದರು ಎಂಬ ಭಾಗ ಹೆಚ್ಚಿನ ಪುಸ್ತಿಕೆಗಳಲ್ಲಿ ಮದುವೆಯ ತಾರೀಕಿಗೆ ಮುಗಿದುಬಿಡುತ್ತದೆ. ಇದು ದೊಡ್ಡ ಅನ್ಯಾಯ. ಅಮ್ಮನ ದುಡಿಮೆ ಬಿಟ್ಟು ಅಪ್ಪನ ದುಡಿಮೆ ಬರೆದರೆ ಲೆಕ್ಕವೇ ಕೂಡುವುದಿಲ್ಲ. ಇಂಥದು ಬೇಡ ಎಂದು ಅಮ್ಮ ಹೇಳಿದರೆ ಅದನ್ನು ಬಿಡಿ.

ಇನ್ನು ಕಾಗದಪತ್ರ. ಬ್ಯಾಂಕಿನ ಖಾತೆ ಮುಚ್ಚುವ ಮೊದಲು, ಪಡಿತರ ಚೀಟಿ ತಿದ್ದಿಸುವ ಮೊದಲು ಪ್ರತಿ ಪುಟದ ಫೋಟೋ ತೆಗೆದಿಡಿ. ಒಮ್ಮೆ ಕೊಟ್ಟ ಪಾಸ್‌ಬುಕ್ ವಾಪಸು ಬರದೇ ಹೋಗಬಹುದು. ವ್ಯವಸಾಯ ಸೇವಾ ಸಹಕಾರಿ ಸಂಘದ ಪಾಸ್‌ಬುಕ್ಕಿನಷ್ಟು ನಿಜ ಹೇಳುವ ದಾಖಲೆ ಇನ್ನೊಂದಿಲ್ಲ. ಪ್ರತಿವರ್ಷ ಬೆಳೆಸಾಲ ತೆಗೆದದ್ದು, ಅಡಿಕೆ ಮಾರಿದ ಮೇಲೆ ಕಟ್ಟಿದ್ದು ಸಾಲಾಗಿ ಇರುತ್ತದೆ. ಯಾವುದೋ ಒಂದು ವರ್ಷ ಕಟ್ಟಿಲ್ಲ, ಬಡ್ಡಿ ಏರಿದೆ. ಅಲ್ಲಿ ಬೆರಳಿಟ್ಟು ಅಮ್ಮನನ್ನು ಕೇಳಿ. ಆ ವರ್ಷ ಕೊಳೆ ಬಂದಿತ್ತೋ, ತಂಗಿಯ ಮದುವೆಯೋ, ಆಸ್ಪತ್ರೆಯೋ, ಒಂದಿಡೀ ಅಧ್ಯಾಯ ಅಲ್ಲಿಂದ ಬಿಚ್ಚಿಕೊಳ್ಳುತ್ತದೆ.

ತಾರೀಕಿಲ್ಲದ ಕಾಗದಕ್ಕೂ ಕಾಲ ಕಟ್ಟಬಹುದು. ತಲೆಬರಹದಲ್ಲಿ ಮೈಸೂರು ರಾಜ್ಯ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು, ಹೆಚ್ಚೆಂದರೆ ಹಳೇ ಫಾರಂ ಮುಗಿಯುವವರೆಗೆ ಬಳಸಿದ್ದು. ಲಕೋಟೆಯ ಮೇಲೆ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ಅಡಿಕೆ ಮಾರಿದ ಪಟ್ಟಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೋದ್ದಾದರೆ 1973ರ ನಂತರದ್ದು. ಆಣೆ-ಪೈ ಲೆಕ್ಕವಿದ್ದರೆ ನಯಾಪೈಸೆ ಬಂದ 1957ಕ್ಕೂ ಮೊದಲಿನದು ಎಂದುಕೊಳ್ಳಬಹುದು, ಆದರೆ ಹಳಬರು ಆಮೇಲೂ ಆಣೆಯಲ್ಲೇ ಬರೆದಿಡುತ್ತಿದ್ದರು. ಅಪ್ಪ ಗೇಣಿ ಮಾಡುತ್ತಿದ್ದವರಾದರೆ ನಮೂನೆ 7ರ ಅರ್ಜಿ ಹುಡುಕಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಲ್ಲಿ ಗೇಣಿದಾರರು ಭೂನ್ಯಾಯಮಂಡಳಿಗೆ ಕೊಟ್ಟ ಅರ್ಜಿ ಅದು. ಗೇಣಿದಾರರಾಗಿದ್ದವರು ಒಡೆಯರಾದದ್ದು ಆ ಹಾಳೆಯಿಂದ. ಹೊಲ ಬಿಟ್ಟುಕೊಟ್ಟ ಮನೆಯವರಾದರೂ ಅದನ್ನು ಇದ್ದದ್ದು ಇದ್ದಹಾಗೆ ಬರೆಯಿರಿ.

ಹುಟ್ಟಿದ ದಿನದ ವಿಷಯದಲ್ಲಿ ಹೆಚ್ಚು ತಪ್ಪಾಗುತ್ತದೆ. ಟಿಸಿಯಲ್ಲಿ ಜೂನ್ 1 ಎಂದಿದ್ದರೆ ಅದು ಶಾಲೆಗೆ ಸೇರಿಸಿದ ಮೇಷ್ಟರು ಅಂದಾಜಿನಲ್ಲಿ ಬರೆದದ್ದೇ ಇರಬೇಕು. ಆಧಾರ್ ಅದನ್ನೇ ನಕಲು ಮಾಡಿರುತ್ತದೆ. ಜಾತಕವಿದ್ದರೆ ಅದನ್ನು ನೆಚ್ಚಿ, ಆದರೆ ಲೆಕ್ಕ ಹಾಕುವಾಗ ಎಚ್ಚರ. ವಿಜಯ ಸಂವತ್ಸರ ಎಂದರೆ 1953ರ ಯುಗಾದಿಯಿಂದ 1954ರ ಯುಗಾದಿಯವರೆಗೆ. ವಿಜಯ ಸಂವತ್ಸರದ ಮಾಘದಲ್ಲಿ ಹುಟ್ಟಿದವರು 1954ರವರು, 1953ರವರಲ್ಲ. ಒಂದು ವರ್ಷ ಹೆಚ್ಚುಕಮ್ಮಿ ಆಗುವುದು ಇಲ್ಲೇ. ಇನ್ನೊಂದು ಘಟಿಯ ತೊಡಕು. ಒಂದು ಘಟಿಗೆ 24 ನಿಮಿಷ, ಎಣಿಕೆ ಸೂರ್ಯೋದಯದಿಂದ. ಗತಘಟಿ 50 ಎಂದಿದ್ದರೆ ಸೂರ್ಯ ಹುಟ್ಟಿ 20 ಗಂಟೆ ಕಳೆದಿದೆ, ಅಂದರೆ ನಡುರಾತ್ರಿ ದಾಟಿದೆ. ಜಾತಕದಲ್ಲಿ ಸೋಮವಾರ ಎಂದೇ ಇರುತ್ತದೆ, ಕ್ಯಾಲೆಂಡರಿನಲ್ಲಿ ಮಂಗಳವಾರವಾಗಿರುತ್ತದೆ.

ಅಳತೆಗಳನ್ನು ಹಿರಿಯರು ಹೇಳಿದಂತೆಯೇ ಇಡಿ. ಮಣ, ಸೇರು, ಕೊಳಗ ಊರಿಂದ ಊರಿಗೆ ಬೇರೆ. ಕಿಲೋಗೆ ತಿರುಗಿಸುವ ಮೊದಲು ಆ ಊರಿನವರನ್ನೇ ಕೇಳಿ.

ಮಲೆನಾಡಿನ ತೇವಕ್ಕೆ ಹಳೇ ಫೋಟೋ ಚೌಕಟ್ಟಿನ ಗಾಜಿಗೇ ಅಂಟಿರುತ್ತದೆ. ಎಳೆಯಬೇಡಿ, ಮುಖವೇ ಗಾಜಿನಲ್ಲಿ ಉಳಿದುಹೋಗುತ್ತದೆ. ಗಾಜಿನ ಸಮೇತ ಕಿಟಕಿಯ ಪಕ್ಕ, ಬಿಸಿಲು ನೇರ ಬೀಳದಲ್ಲಿ ಇಟ್ಟು ಫೋಟೋ ತೆಗೆಯಿರಿ. ಬಿಡಿ ಫೋಟೋಗಳ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಎಡದಿಂದ ಬಲಕ್ಕೆ ಹೆಸರು ಬರೆಯಿರಿ. ಬಾಲ್‌ಪೆನ್ನಿನ ಒತ್ತು ಮುಂದಿನ ಬದಿಗೆ ಮೂಡುತ್ತದೆ.

ನಡುವೆ ಪಿನ್ ಹೊಡೆಯುವ ಪುಸ್ತಿಕೆಯಾದರೆ ಪುಟ ನಾಲ್ಕರ ಲೆಕ್ಕದಲ್ಲಿರಬೇಕು: 16, 20, 24. ಅಕ್ಷರ ದೊಡ್ಡದಿರಲಿ, ಓದುವವರಲ್ಲಿ ಅಪ್ಪನ ವಾರಿಗೆಯವರೇ ಹೆಚ್ಚು. ನೀವು ಯೂನಿಕೋಡಿನಲ್ಲಿ ಕೊಟ್ಟದ್ದನ್ನು ಪ್ರೆಸ್ಸಿನಲ್ಲಿ ನುಡಿ ತಂತ್ರಾಂಶದ ಫಾಂಟಿಗೆ ಬದಲಿಸಿದರೆ ಅರ್ಕಾವತ್ತು, ಒತ್ತಕ್ಷರ ಕೆಡಬಹುದು. ಪ್ರೂಫನ್ನು ಬದಲಿಸಿದ ಮೇಲೆ ನೋಡಿ, ಮೊದಲಲ್ಲ. ಹೆಸರುಗಳನ್ನು ಒಬ್ಬರು ಓದಬೇಕು, ಇನ್ನೊಬ್ಬರು ತಾಳೆ ನೋಡಬೇಕು.

ಪ್ರೆಸ್ಸಿಗೆ ಕೊಡುವ ಮುಂಚೆ ಒಂದು ಸಂಜೆ ಪೂರ್ತಿ ಬರಹವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿ. ಪಕ್ಕದಲ್ಲಿ ಪೆನ್ಸಿಲ್ ಇರಲಿ. "ಹಾಗಲ್ಲ, ಆ ವರ್ಷ ಸುಣ್ಣ ಸಿಕ್ಕಿರಲಿಲ್ಲ" ಎಂದು ಅವರು ತಡೆದಲ್ಲಿ ಓದು ನಿಲ್ಲಿಸಿ, ಹೇಳಿದ್ದನ್ನು ಅವರ ಮಾತಿನಲ್ಲೇ ಅಂಚಿನಲ್ಲಿ ಬರೆದುಕೊಳ್ಳಿ.