ಸಿಂಗಪುರ–ನ್ಯೂಯಾರ್ಕ್: ಕಿಲೋಮೀಟರ್ ಲೆಕ್ಕ ನಂಬಿ ಹೊರಡಬೇಡಿ

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಿಂದ ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣಕ್ಕೆ ನೇರ ದೂರ ಸುಮಾರು 15,350 ಕಿ.ಮೀ. ಗಂಟೆಗೆ 900ರಂತೆ ಭಾಗಿಸಿದರೆ 17 ಗಂಟೆ. ಟಿಕೆಟ್ ನೋಡಿದರೆ ಹದಿನೆಂಟೂವರೆಗೂ ಮೇಲೆ! ಅತಿ ಹತ್ತಿರದ ದಾರಿ ಉತ್ತರ ಧ್ರುವದ ಪಕ್ಕದಲ್ಲೇ ಹಾಯುತ್ತದೆ ನಿಜ, ಆದರೆ ಹಿಂದಿನಿಂದ ತಳ್ಳುವ ಗಾಳಿ ಸಿಗುತ್ತದೆಂದು ವಿಮಾನ ಪೆಸಿಫಿಕ್ ಮೇಲೆ ಬಳಸಿಕೊಂಡು ಹೋಗುವುದೇ ಹೆಚ್ಚು. ಗಾಳಿ ಬದಲಾದರೆ ಹೊತ್ತೂ ಬದಲು.

ಈ ನೇರ ವಿಮಾನದಲ್ಲಿ ಮಾಮೂಲಿ ಎಕಾನಮಿ ಸೀಟೇ ಇಲ್ಲ, ಪ್ರೀಮಿಯಂ ಎಕಾನಮಿಯಿಂದ ಶುರು. ಅಷ್ಟು ದುಡ್ಡು ಕೊಟ್ಟು ಅಷ್ಟು ಹೊತ್ತು ಕೂರುವುದು ನನ್ನ ಮೊಣಕಾಲಿಗಂತೂ ಒಗ್ಗಲಿಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಹೋಗುವ ದಾರಿ ಬರೀ ಸಾವಿರ ಕಿ.ಮೀ. ಚಿಲ್ಲರೆ ಉದ್ದ, ನಡುವೆ ಕಾಲು ನೀಡಿ ಓಡಾಡಬಹುದು. ನನ್ನನ್ನು ಕೇಳಿದರೆ ಅದೇ ವಾಸಿ. ನಿಮ್ಮ ಪಾಸ್‌ಪೋರ್ಟಿಗೆ ಅಲ್ಲಿ ಟ್ರಾನ್ಸಿಟ್ ವೀಸಾ ಬೇಕೇ ಎಂದು ಮೊದಲೇ ವಿಚಾರಿಸಿ.

ನಿಜವಾದ ಕಾಟ ಇಳಿದ ಮೇಲೆ. ಇಮಿಗ್ರೇಷನ್ ಸಾಲು ಹಾವಿನ ಹಾಗೆ ಸುತ್ತಿಕೊಂಡಿತ್ತು, ಅದೂ ನಿದ್ದೆಗೆಟ್ಟ ಕಣ್ಣಲ್ಲಿ. ಅದನ್ನು ದಾಟಿ ಹೊರಬಂದರೆ ಒಬ್ಬ "ಟ್ಯಾಕ್ಸಿ, ಟ್ಯಾಕ್ಸಿ" ಎನ್ನುತ್ತಾ ಪೆಟ್ಟಿಗೆಯ ಹಿಡಿಗೇ ಕೈ ಹಾಕಿದ. ಮ್ಯಾನ್‌ಹಟನ್‌ಗೆ 150 ಡಾಲರ್ ಅಂತೆ, ಟೋಲ್ ಬೇರೆಯಂತೆ! ಹಳದಿ ಟ್ಯಾಕ್ಸಿಗೆ ಜೆಎಫ್‌ಕೆಯಿಂದ ಮ್ಯಾನ್‌ಹಟನ್‌ಗೆ ನಿಗದಿ ದರವೇ ಇದೆ. 2022ರ ಕೊನೆಯಲ್ಲಿ ಅದನ್ನು 70 ಡಾಲರ್ ಮಾಡಿದರು. ಟೋಲ್, ಸರ್‌ಚಾರ್ಜ್, ಟಿಪ್ಸ್ ಅದರ ಮೇಲೆ. ಹೊರಗಿನ ಅಧಿಕೃತ ಟ್ಯಾಕ್ಸಿ ಸಾಲಿನಲ್ಲೇ ಹತ್ತಿಕೊಳ್ಳಿ; ನಿಲ್ದಾಣದೊಳಗೆ ಬಂದು ಮಾತಾಡಿಸುವವರ ಮುಖ ಕೂಡ ನೋಡಬೇಡಿ.

ಟ್ಯಾಕ್ಸಿಯ ಸಹವಾಸವೇ ಬೇಡವೆಂದು ನಾನು ವಿಮಾನ ನಿಲ್ದಾಣದ ರೈಲಾದ ಏರ್‌ಟ್ರೇನ್‌ನಲ್ಲಿ ಜಮೈಕಾ ಸ್ಟೇಷನ್‌ಗೆ ಹೋಗಿ 'ಇ' (E) ಹೆಸರಿನ ಸಬ್‌ವೇ ರೈಲು ಹಿಡಿದೆ. ಅದೇ ದಾರಿಯಲ್ಲಿ ಜಾಕ್ಸನ್ ಹೈಟ್ಸ್–ರೂಸ್‌ವೆಲ್ಟ್ ಅವೆನ್ಯೂ ಸಿಗುತ್ತದೆ. ದಯವಿಟ್ಟು ಅಲ್ಲಿ ಇಳಿಯಿರಿ. ಸುತ್ತಲೂ ಟಿಬೆಟಿ, ನೇಪಾಳಿ ಅಂಗಡಿಗಳು. ನಾನು ನುಗ್ಗಿದ ಅಂಗಡಿಯಲ್ಲಿ ನಾಲ್ಕೇ ಸ್ಟೂಲು; ಪೆಟ್ಟಿಗೆಯನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡೇ ತಿನ್ನಬೇಕು. ಹಬೆಯ ಪಾತ್ರೆಯಿಂದ ನೇರ ತಟ್ಟೆಗೆ ಬಂದ ಮೋಮೊ, ಕಚ್ಚಿದರೆ ಒಳಗಿನ ಬಿಸಿ ರಸ ಗದ್ದಕ್ಕೆ ಇಳಿಯುತ್ತದೆ. ಪಕ್ಕದಲ್ಲಿ ಕಣ್ಣಲ್ಲಿ ನೀರು ಬರಿಸುವ ಕೆಂಪು ಚಟ್ನಿ. ವಿಮಾನದ ಊಟದಿಂದ ಸತ್ತಿದ್ದ ನಾಲಿಗೆಗೆ ಜೀವ ಬಂತು. ಇನ್ನೊಂದು ತಟ್ಟೆ ಹೇಳಿ, ಮೇಲೆ ಒಂದು ಬಟ್ಟಲು ಸೂಪ್ ಕುಡಿದು ಎದ್ದರೂ ಬಿಲ್ ಕೈ ಸುಡಲಿಲ್ಲ. ನ್ಯೂಯಾರ್ಕಿನಲ್ಲಿ ಅಂಥ ಬಿಲ್ ಆಮೇಲೆ ನೋಡಲಿಲ್ಲ ಬಿಡಿ.

ವಾಪಸಾಗುವವರು ತಾರೀಖು ನೋಡಿಕೊಳ್ಳಿ. ಸಿಂಗಪುರ ನ್ಯೂಯಾರ್ಕಿಗಿಂತ ಅಲ್ಲಿನ ಬೇಸಿಗೆಯಲ್ಲಿ 12, ಚಳಿಗಾಲದಲ್ಲಿ 13 ಗಂಟೆ ಮುಂದೆ. ಹೋಗುವಾಗ ಮಧ್ಯಾಹ್ನ ಹೊರಟರೆ ಅದೇ ದಿನ ಸಂಜೆ ಇಳಿಯುತ್ತೀರಿ. ಬರುವಾಗ ಹಾಗಲ್ಲ: 10ನೇ ತಾರೀಖಿನ ರಾತ್ರಿ ಹತ್ತಿದರೆ ಚಾಂಗಿ ಮುಟ್ಟುವುದು 12ನೇ ತಾರೀಖಿನ ಬೆಳಗಿನ ಜಾವ. ಹೋಟೆಲನ್ನು 11ನೇ ತಾರೀಖಿಗೆ ಬುಕ್ ಮಾಡಿ ನಡುರಾತ್ರಿ ಕಳೆದರೂ ಹೋಗದಿದ್ದರೆ ರೂಮು ರದ್ದಾಗುವ ಸಂಭವವುಂಟು, ತಡವಾಗಿ ಬರುತ್ತೇವೆಂದು ಮೊದಲೇ ಬರೆದು ತಿಳಿಸಿ.