ಮನೆಯೂಟದ ಜೊತೆ ವೈನ್: ಜೋಡಿ ಪ್ರಯೋಗಗಳ ದಾಖಲೆ, ಈವರೆಗೆ

ಏರ್ಪಾಡು ಇಷ್ಟು: ನಾಲ್ಕು ಜನ, ಒಂದು ಸಂಜೆಗೆ ಎರಡು ಬಾಟಲಿ, ಜೊತೆಗೆ ಅವತ್ತು ಮನೆಯಲ್ಲಿ ಆಗಿರುವ ಅಡುಗೆ. ವೈನ್‌ಗಳೆಲ್ಲ ಕರ್ನಾಟಕದವು ಅಥವಾ ಮಹಾರಾಷ್ಟ್ರದವು. ಒಂದೇ ಬಾಟಲಿ ತೆರೆದು ಕುಡಿದರೆ ‘ಚೆನ್ನಾಗಿದೆ’, ‘ಹುಳಿ ಜಾಸ್ತಿ’ ಎನ್ನುವಲ್ಲಿಗೆ ಮಾತು ನಿಂತುಬಿಡುತ್ತದೆ. ಪಕ್ಕದಲ್ಲಿ ಇನ್ನೊಂದು ಗ್ಲಾಸ್ ಇದ್ದರೆ ಯಾವುದರ ಹುಳಿ ಚೂಪು, ಯಾವುದರ ಒಗರು ವಸಡಿಗೆ ಅಂಟುತ್ತದೆ ಎಂದು ಹೇಳಲು ಯಾರೂ ಕಲಿಸಬೇಕಿಲ್ಲ. ಹಾಗಾಗಿ ಕೆಳಗಿನದೆಲ್ಲ ಜೋಡಿ ಲೆಕ್ಕದ್ದೇ.

ಅಳತೆ ಮತ್ತು ಉಳಿಕೆ: ಇತ್ಯರ್ಥವಾಗಿದೆ

ಎರಡು ಬಾಟಲಿ ಎಂದರೆ 1500 ಮಿ.ಲೀ. ನಾಲ್ವರಿಗೆ ಅದು ಹೆಚ್ಚು. ಆದ್ದರಿಂದ ಮುಚ್ಚಳ ತೆಗೆದ ತಕ್ಷಣ, ಯಾರ ಗ್ಲಾಸಿಗೂ ಸುರಿಯುವ ಮೊದಲು, ಪ್ರತಿ ಬಾಟಲಿಯಿಂದ 375 ಮಿ.ಲೀ. ಖಾಲಿ ಅರ್ಧ ಬಾಟಲಿಗೆ ಕುತ್ತಿಗೆವರೆಗೆ ತುಂಬಿ, ತಿರುಪು ಮುಚ್ಚಳ ಬಿಗಿದು ಫ್ರಿಜ್ಜಿಗೆ ಇಡುವುದು. ಒಳಗೆ ಗಾಳಿಗೆ ಜಾಗವಿಲ್ಲದ ಕಾರಣ ಬಿಳಿಯಾದರೂ ಕೆಂಪಾದರೂ ನಾಲ್ಕೈದು ದಿನ ಸರಿಯಾಗಿ ಉಳಿಯುತ್ತದೆ. ಅದೇ ವೈನನ್ನು ಅರ್ಧ ಖಾಲಿಯಾದ ದೊಡ್ಡ ಬಾಟಲಿಯಲ್ಲೇ ಬಿಟ್ಟರೆ ಮೂರನೆಯ ದಿನಕ್ಕೆ ಹಣ್ಣಿನ ಘಮ ಮಂಕಾಗಿ, ಕೊಯ್ದಿಟ್ಟು ಕಂದಿದ ಸೇಬಿನ ವಾಸನೆ ಬರತೊಡಗುತ್ತದೆ. ಕೆಂಪು ವೈನನ್ನೂ ಫ್ರಿಜ್ಜಿನಲ್ಲೇ ಇಡಬೇಕು, ಕುಡಿಯುವ ಮುಂಚೆ ಸ್ವಲ್ಪ ಹೊತ್ತು ಹೊರಗೆ ತೆಗೆದಿಟ್ಟರಾಯಿತು. ಅರ್ಧ ಬಾಟಲಿ ಬೇರೆ ಕೊಳ್ಳಬೇಕಿಲ್ಲ, ಒಮ್ಮೆ ಸಣ್ಣ ಬಾಟಲಿ ವೈನ್ ತಂದು ತೊಳೆದಿಟ್ಟುಕೊಂಡರೆ ಸಾಕು. ಸೋಪಿನ ವಾಸನೆ ಉಳಿಯದಂತೆ ಬಿಸಿನೀರಿನಲ್ಲಿ ಮಾತ್ರ ತೊಳೆಯಿರಿ.

ಗುಳ್ಳೆ ಬರುವ ವೈನಿಗೆ ಈ ಉಪಾಯ ಬೇಡ, ವರ್ಗಾಯಿಸುವಾಗಲೇ ಗುಳ್ಳೆ ಅರ್ಧ ಹೋಗುತ್ತದೆ. ಅದಕ್ಕೆ ಒತ್ತಡ ತಡೆಯುವ ಕ್ಲಿಪ್ ಮುಚ್ಚಳವೇ ಬೇಕು, ಆಯಸ್ಸು ಒಂದೆರಡು ದಿನ. ಬಾಟಲಿಯ ಬಾಯಿಗೆ ಸ್ಟೀಲ್ ಚಮಚ ಇಳಿಬಿಟ್ಟರೆ ಗುಳ್ಳೆ ಉಳಿಯುತ್ತದೆ ಎಂಬುದು ಬರೀ ನಂಬಿಕೆ.

ಹೀಗೆ ಮೇಜಿಗೆ ಬರುವುದು ತಲೆಗೆ ಎರಡೂ ಸೇರಿ ಸುಮಾರು 190 ಮಿ.ಲೀ. ಶೇ. 13ರ ವೈನಿನಲ್ಲಿ ಅದು 19 ಗ್ರಾಂ ಆಲ್ಕೋಹಾಲ್. ಇದು ಕಡಿಮೆಯೇನಲ್ಲ, ಆಮೇಲೆ ಗಾಡಿ ಮುಟ್ಟುವ ಹಾಗಿಲ್ಲ.

ತಣಿಸುವುದು: ಮುಗಿದಿದೆ

ಹೆಚ್ಚು ಹೊತ್ತು ಹಿಡಿದದ್ದು ಇದು, ಹಾಗೆ ಹಿಡಿಯಬೇಕಾದ್ದೂ ಇದೇ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಿರಿ ಎಂಬ ಮಾತು ಚಳಿದೇಶದ ಕಲ್ಲುಮನೆಗಳಿಂದ ಬಂದದ್ದು. ಅಲ್ಲಿ ಕೋಣೆ ಎಂದರೆ 16ರಿಂದ 18 ಡಿಗ್ರಿ. ಏಪ್ರಿಲ್‌ನಲ್ಲಿ ಬೆಂಗಳೂರಿನ ಅಡುಗೆಮನೆ 30 ಡಿಗ್ರಿ ಇರುತ್ತದೆ, ರಾಯಚೂರಿನ ಮಾತು ಬಿಡಿ. ಆ ಬಿಸಿಯಲ್ಲಿ ಶಿರಾಝ್ ದ್ರಾಕ್ಷಿಯ ಕೆಂಪು ವೈನ್ ಸುರಿದರೆ ಮೂಗಿಗೆ ಮೊದಲು ತಾಕುವುದು ಸ್ಪಿರಿಟ್ಟಿನ ಘಾಟು, ಹಣ್ಣಿನ ಘಮ ಅದರ ಹಿಂದೆ ಎಲ್ಲೋ ಉಳಿದಿರುತ್ತದೆ. ತೀರಾ ತಣ್ಣಗಾದರೆ ಇನ್ನೊಂದು ಪೇಚು: ಘಮ ಏಳುವುದಿಲ್ಲ, ಒಗರು ಮಾತ್ರ ಎದ್ದು ಕಾಣುತ್ತದೆ.

ಈಗ ಅನುಸರಿಸುತ್ತಿರುವ ಗುರಿಗಳು: ಗುಳ್ಳೆಯ ವೈನ್ 6–8 ಡಿಗ್ರಿ, ಸುವಿನ್ಯೋ ಬ್ಲಾಂಕ್‌ನಂಥ ಹಗುರ ಬಿಳಿ ಮತ್ತು ರೋಸೆ (ನಸುಗೆಂಪು ವೈನ್) 8–10, ಓಕ್ ಮರದ ಪೀಪಾಯಿಯಲ್ಲಿ ಇಟ್ಟ ಬಿಳಿ 10–12, ಹಗುರ ಕೆಂಪು 14–15, ಗಟ್ಟಿ ಕೆಂಪು 16–18. ತಲುಪುವ ದಾರಿ ಎರಡು. 28 ಡಿಗ್ರಿಯ ಬಾಟಲಿ ಫ್ರಿಜ್ಜಿನಲ್ಲಿ 17ಕ್ಕೆ ಇಳಿಯಲು ಒಂದರಿಂದ ಒಂದೂವರೆ ಗಂಟೆ ಬೇಕು, 9ಕ್ಕೆ ಇಳಿಯಲು ಮೂರೂವರೆ ಗಂಟೆಯಾದರೂ ಬೇಕು. ಅವಸರವಿದ್ದರೆ ಬಕೆಟ್ಟಿನಲ್ಲಿ ಅರ್ಧ ಐಸ್, ಅರ್ಧ ನೀರು, ಒಂದು ಹಿಡಿ ಕಲ್ಲುಪ್ಪು. ಬಾಟಲಿ ಕುತ್ತಿಗೆವರೆಗೆ ಮುಳುಗಿರಬೇಕು. ಕೆಂಪಿಗೆ ಎಂಟು ಹತ್ತು ನಿಮಿಷ, ಬಿಳಿಗೆ ಇಪ್ಪತ್ತು. ಬರೀ ಐಸ್ ಹಾಕಿದರೆ ಗಾಜಿಗೆ ಅಲ್ಲಲ್ಲಿ ಮಾತ್ರ ತಾಗಿ ಕೆಲಸ ನಿಧಾನವಾಗುತ್ತದೆ, ನೀರೇ ಮುಖ್ಯ. ಫ್ರೀಜರಿನಲ್ಲಿಟ್ಟು ಮರೆತರೆ ವೈನ್ ಹೆಪ್ಪುಗಟ್ಟಿ ಉಬ್ಬಿ ಕಾರ್ಕನ್ನು ತಳ್ಳುತ್ತದೆ. ಗುಳ್ಳೆಯದ್ದಾದರೆ ಬಾಟಲಿಯೇ ಸಿಡಿಯಬಹುದು.

ಬಿಸಿ ಕೋಣೆಯಲ್ಲಿ ಗ್ಲಾಸಿನೊಳಗಿನ ವೈನ್ ಹತ್ತು ನಿಮಿಷಕ್ಕೆ ಮೂರ್ನಾಲ್ಕು ಡಿಗ್ರಿ ಏರುತ್ತದೆ. ಆದ್ದರಿಂದ ಗುರಿಗಿಂತ ಎರಡು ಡಿಗ್ರಿ ಕಡಿಮೆಯಲ್ಲೇ ಸುರಿಯುವುದು, ಒಮ್ಮೆಗೆ 50 ಮಿ.ಲೀ. ಮಾತ್ರ. ಒಂದೇ ಕೆಂಪು ವೈನನ್ನು ಎರಡು ಗ್ಲಾಸಿಗೆ ಹಾಕಿ ಒಂದನ್ನು 16ರಲ್ಲಿ, ಇನ್ನೊಂದನ್ನು 28ರಲ್ಲಿ ಕೊಟ್ಟರೆ ಬೇರೆ ಬೇರೆ ವೈನ್ ಎಂದೇ ಹೆಚ್ಚಿನವರು ಹೇಳುತ್ತಾರೆ. ಯಾವ ಹೊಸ ಬಾಟಲಿ ಕೊಳ್ಳುವ ಮೊದಲೂ ಮಾಡಿನೋಡಬೇಕಾದ ಜೋಡಿ ಇದು.

ಅಂಗಡಿ: ನಡೆಯುತ್ತಿದೆ

ನಮ್ಮ ಊರುಗಳಲ್ಲಿ ‘ವೈನ್ಸ್’ ಎಂಬ ಬೋರ್ಡಿನಡಿ ಸಿಗುವುದು ಮುಖ್ಯವಾಗಿ ಬ್ರಾಂದಿ, ವಿಸ್ಕಿ, ಬಿಯರ್. ವೈನ್ ಬಾಟಲಿಗಳು ಮೇಲಿನ ಹಲಗೆಯಲ್ಲಿ, ಟ್ಯೂಬ್‌ಲೈಟಿನ ಪಕ್ಕ, ಧೂಳು ಹೊತ್ತು ನೆಟ್ಟಗೆ ನಿಂತಿರುತ್ತವೆ. ಬಿಸಿ, ಬೆಳಕು ಎರಡೂ ವೈನಿಗೆ ಶತ್ರು. ಬಣ್ಣವಿಲ್ಲದ ಗಾಜಿನ ಬಾಟಲಿಯ ಬಿಳಿ ಮತ್ತು ರೋಸೆಗೆ ಬೆಳಕು ಬಡಿದರೆ ಬೆಂದ ಎಲೆಕೋಸಿನ ವಾಸನೆ ಬರುತ್ತದೆ. ಮುಂದಿನ ಸಾಲಿನದನ್ನು ಬಿಟ್ಟು ಹಿಂದಿನದನ್ನು, ಸಾಧ್ಯವಾದರೆ ರಟ್ಟಿನ ಪೆಟ್ಟಿಗೆಯಿಂದ ತೆಗೆದದ್ದನ್ನೇ ಕೇಳಿ.

ನಮ್ಮಲ್ಲಿ ದ್ರಾಕ್ಷಿ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಇಲ್ಲಿನ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ, ವರ್ಷಕ್ಕೆ ಎರಡು ಸಲ ಸವರಿ ಒಂದೇ ಬೆಳೆ ತೆಗೆಯುತ್ತಾರೆ. ಹಾಗಾಗಿ ವರ್ಷದ ಕೊನೆಯಲ್ಲಿ ಅಂಗಡಿಗೆ ಹೋದರೆ ಅದೇ ವರ್ಷದ ಬಿಳಿ ವೈನ್ ಸಿಗಬೇಕು. ಲೇಬಲ್ಲಿನ ಮೇಲೆ ಕೊಯ್ಲಿನ ವರ್ಷವಿಲ್ಲದಿದ್ದರೆ ಬಾಟಲಿ ತುಂಬಿದ ತಾರೀಕು ನೋಡಿ. ಹಗುರ ಬಿಳಿ ಎರಡು ವರ್ಷಕ್ಕಿಂತ ಹಳೆಯದಾದರೆ ಬೇಡ. ‘ವೈನ್ ಹಳೆಯದಾದಷ್ಟೂ ರುಚಿ’ ಎಂಬುದು ದಿನಬಳಕೆಯ ವೈನಿಗೆ ಅನ್ವಯಿಸುವುದಿಲ್ಲ. ಕಾರ್ಕ್ ಬಾಟಲಿಯ ಬಾಯಿಗಿಂತ ಮೇಲೆ ಉಬ್ಬಿದ್ದರೆ ಅಥವಾ ಕುತ್ತಿಗೆ ಅಂಟಂಟಾಗಿದ್ದರೆ ಅದು ಬಿಸಿಲಿನ ಲಾರಿಯಲ್ಲಿ ಬೆಂದು ಬಂದ ಸರಕು, ಅಲ್ಲೇ ಬಿಡಿ. ತಿರುಪು ಮುಚ್ಚಳ ಕಂಡು ಅಗ್ಗದ್ದು ಎಂದು ತಿರಸ್ಕರಿಸಬೇಕಿಲ್ಲ, ನಮ್ಮ ಹವೆಗೆ ಅದೇ ಕ್ಷೇಮ.

ನಾಲಿಗೆ: ಅಡುಗೆಮನೆಯಲ್ಲೇ ಆಗುತ್ತದೆ

ಮೂರು ಲೋಟ ಸಾಕು. ಮೊದಲನೆಯದರಲ್ಲಿ 200 ಮಿ.ಲೀ. ನೀರಿಗೆ ನಾಲ್ಕೈದು ಚಮಚ ನಿಂಬೆರಸ. ವೈನಿನಲ್ಲಿರುವ ಹುಳಿಯ ಮಟ್ಟ ಹೆಚ್ಚುಕಡಿಮೆ ಅದೇ. ಎರಡನೆಯದರಲ್ಲಿ ಅಷ್ಟೇ ನಿಂಬೆ, ಜೊತೆಗೆ ಎರಡು ಚಮಚ ಸಕ್ಕರೆ, ಅಂದರೆ ಪಾನಕ. ಎರಡರ ಹುಳಿ ಒಂದೇ, ಆದರೂ ಪಾನಕ ಹುಳಿ ಎನಿಸುವುದಿಲ್ಲ. ಮೋಸ ಹೋಗದ ಗುರುತು ಎಂದರೆ ನುಂಗಿದ ಮೇಲೆ ನಾಲಿಗೆಯ ಅಡಿಯಲ್ಲಿ ಊರುವ ನೀರು. ಅದು ಎರಡರಲ್ಲೂ ಊರುತ್ತದೆ. ಸೂಲ ಕಂಪನಿಯ ಶೆನಿನ್ ಬ್ಲಾಂಕ್ ಎಂಬ ಬಿಳಿಯಂಥ, ಸ್ವಲ್ಪ ಸಿಹಿ ಉಳಿಸಿದ ವೈನನ್ನು ‘ಹುಳಿಯೇ ಇಲ್ಲ’ ಎನ್ನುವವರಿಗೆ ಈ ಜೋಡಿ ಕೊಡಿ.

ಮೂರನೆಯದು ಒಗರಿಗೆ. ಎರಡು ಚಮಚ ಚಹಾಪುಡಿಯನ್ನು 200 ಮಿ.ಲೀ. ನೀರಲ್ಲಿ ಹತ್ತು ನಿಮಿಷ ಬಿಟ್ಟು ಸೋಸಿ, ಹಾಲು ಸಕ್ಕರೆ ಇಲ್ಲದೆ, ತಣಿಸಿ. ಒಗರು ರುಚಿಗಿಂತ ಹೆಚ್ಚಾಗಿ ಒಂದು ಹಿಡಿತ: ಕೆನ್ನೆಯ ಒಳಗೋಡೆ ಬಿಗಿಯುತ್ತದೆ, ತುಟಿ ಹಲ್ಲಿಗೆ ಅಂಟುತ್ತದೆ. ನೇರಳೆಹಣ್ಣು, ಅಡಿಕೆ ತಿಂದವರಿಗೆ ಹೇಳಿಕೊಡಬೇಕಿಲ್ಲ. ಕಹಿ ಬೇರೆ, ಅದು ನಾಲಿಗೆಯ ಹಿಂಬದಿಯಲ್ಲಿ ಉಳಿಯುತ್ತದೆ. ಇವೆರಡನ್ನು ಬೇರ್ಪಡಿಸಲು ಬಂದರೆ ಕೆಂಪು ವೈನಿನ ಅರ್ಧ ಗೊಂದಲ ಹೋದಂತೆ.

ಮೂಗು: ಅರ್ಧ ದಾರಿ

ಅಗ್ಗದ ಒಣ, ಅಂದರೆ ಸಿಹಿಯಿಲ್ಲದ, ಬಿಳಿ ವೈನನ್ನು 50 ಮಿ.ಲೀ.ನಂತೆ ಗ್ಲಾಸುಗಳಿಗೆ ಹಾಕಿ, ಒಂದಕ್ಕೆ ಬೆರಳುಗುರಿನಷ್ಟು ಹಸಿರು ದಪ್ಪ ಮೆಣಸಿನಕಾಯಿ, ಒಂದಕ್ಕೆ ಒಂದು ಹೋಳು ಸೀಬೆ, ಒಂದಕ್ಕೆ ಒಂದು ಲವಂಗ, ಒಂದಕ್ಕೆ ಜಜ್ಜಿದ ಎರಡು ಕಾಳುಮೆಣಸು. ತಟ್ಟೆ ಮುಚ್ಚಿ ಹದಿನೈದು ನಿಮಿಷ ಬಿಟ್ಟು ಸೋಸಿ. ಒಂದು ಗ್ಲಾಸಿಗೆ ಏನೂ ಹಾಕದೆ ಹೋಲಿಕೆಗೆ ಇಟ್ಟುಕೊಳ್ಳಿ. ದಪ್ಪ ಮೆಣಸಿನಕಾಯಿಯ ಹಸಿರು ವಾಸನೆ ಸುವಿನ್ಯೋ ಬ್ಲಾಂಕ್ ಮತ್ತು ಕೆಂಪಿನ ಕ್ಯಾಬರ್ನೆ ಸುವಿನ್ಯೋಗಳಲ್ಲಿ ಸಿಗುವ ಪೈರಜೀನ್ ಎಂಬ ಘಮದ ಅಂಶಗಳದ್ದು, ಲವಂಗದ್ದು ಓಕ್ ಪೀಪಾಯಿಯಿಂದ ಬರುವ ಯೂಜಿನಾಲ್. ಶಿರಾಝ್‌ನ ಕಾಳುಮೆಣಸಿನ ಘಮಕ್ಕೆ ಕಾರಣವಾದ ರೋಟಂಡೋನ್ ಅನ್ನು 2008ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಗುರುತಿಸಿದರು. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದು ಹತ್ತುವುದೇ ಇಲ್ಲ. ಮೆಣಸೆಲ್ಲಿದೆ ಎಂದು ಹುಡುಕಿ ಸೋತವರು ಬೇಸರಪಡಬೇಕಾಗಿಲ್ಲ.

ಬೆಂಗಳೂರು ಬ್ಲೂ ದ್ರಾಕ್ಷಿಯ ನಾಲ್ಕು ಹಣ್ಣನ್ನೂ ಮೇಜಿನ ಮೇಲೆ ಇಡಿ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಈ ತಳಿಯಲ್ಲಿ ಅಮೆರಿಕದ ಲಾಬ್ರುಸ್ಕಾ ದ್ರಾಕ್ಷಿಯ ರಕ್ತವಿದೆ. ದ್ರಾಕ್ಷಿ ಜ್ಯೂಸಿನ ಆ ಜೋರು ಘಮ ಅಲ್ಲಿಂದ ಬಂದದ್ದು. ಕ್ಯಾಬರ್ನೆ, ಶಿರಾಝ್‌ಗಳಲ್ಲಿ ಅದು ಇರುವುದಿಲ್ಲ. ಸಿಹಿ ‘ಪೋರ್ಟ್’ ಕುಡಿದು ಅಭ್ಯಾಸವಾದವರು ಒಣ ಕೆಂಪಿನಲ್ಲಿ ಹುಡುಕುವುದು ಇದನ್ನೇ, ಸಿಗದೆ ಮುಖ ಸಿಂಡರಿಸುತ್ತಾರೆ.

ಸ್ಥಳದ ಬಗ್ಗೆ ಒಂದು ಮಾತು: ಇಂಗಿನ ಒಗ್ಗರಣೆ, ಊದುಬತ್ತಿ, ಮಲ್ಲಿಗೆ ಮೂರೂ ಮೂಗನ್ನು ಆಕ್ರಮಿಸುತ್ತವೆ. ಮೂಗಿನ ಕೆಲಸ ಒಗ್ಗರಣೆಗೆ ಮೊದಲೇ ಮುಗಿಯಬೇಕು. ಸ್ಟೀಲ್ ಲೋಟದಿಂದ ವೈನ್ ಕೆಡುವುದಿಲ್ಲ, ಹುದುಗಿದ್ದೇ ಸ್ಟೀಲ್ ಟ್ಯಾಂಕಿನಲ್ಲಿ. ಆದರೆ ಅಗಲ ಬಾಯಿಯಿಂದ ಘಮ ಹಾರಿಹೋಗುತ್ತದೆ. ಬಾಯಿ ಕಿರಿದಾಗುವ 215 ಮಿ.ಲೀ.ನ ಐಎಸ್ಒ ಗ್ಲಾಸ್ (ವೈನ್ ರುಚಿ ನೋಡಲೆಂದೇ ಅಂತರರಾಷ್ಟ್ರೀಯ ಅಳತೆಯಲ್ಲಿ ಮಾಡಿದ್ದು) ತಲೆಗೆ ಎರಡಿದ್ದರೆ ಎಲ್ಲಕ್ಕೂ ಸಾಕು.

ಊಟ: ಎಲ್ಲಕ್ಕಿಂತ ಉದ್ದದ ಕಡತ

ಪಾಶ್ಚಾತ್ಯ ಪಟ್ಟಿಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅವು ಮಾಂಸ ಯಾವುದೆಂದು ಕೇಳುತ್ತವೆ, ನಮ್ಮಲ್ಲಿ ಕೇಳಬೇಕಾದ್ದು ಹುಳಿ ಎಷ್ಟು, ಖಾರ ಎಷ್ಟು ಎಂದು. ಕ್ರಮ ಹೀಗೆ: ಒಂದು ಗುಟುಕು, ಒಂದು ತುತ್ತು, ಮತ್ತೆ ಗುಟುಕು. ಎರಡನೆಯ ಗುಟುಕಿನಲ್ಲಿ ಏನು ಬದಲಾಯಿತು ಎಂಬುದನ್ನಷ್ಟೇ ಬರೆದುಕೊಳ್ಳಿ.

ಹುಣಸೆಹುಳಿಯ ಸಾರು, ಬಿಸಿಬೇಳೆಬಾತ್ ಜೊತೆ ಓಕ್ ಪೀಪಾಯಿಯಲ್ಲಿ ಇಟ್ಟ ಕೆಂಪು ಸೋಲುತ್ತದೆ. ಊಟದ ಹುಳಿ ವೈನಿನ ಹುಳಿಯನ್ನು ಮೀರಿದಾಗ ವೈನ್ ಸಪ್ಪೆ, ಮೇಲೆ ಕಹಿ. ಶೆನಿನ್ ಬ್ಲಾಂಕ್ ಅಲ್ಲಿ ನಿಲ್ಲುತ್ತದೆ: ಹುಳಿಗೆ ಹುಳಿ, ಖಾರಕ್ಕೆ ಆ ಉಳಿದ ಸಿಹಿ. ಬ್ಯಾಡಗಿಗಿಂತ ಗುಂಟೂರು ಹೆಚ್ಚಿರುವ ಸಾರಿಗೆ ಶೇ. 14ರ ಶಿರಾಝ್ ಎಂದರೆ ಉರಿಗೆ ತುಪ್ಪ. ಆಲ್ಕೋಹಾಲ್ ಖಾರ ತಗ್ಗಿಸುವುದಿಲ್ಲ. ಬಾಯಿಯಲ್ಲಿ ಖಾರವನ್ನು ‘ಬಿಸಿ’ ಎಂದು ಗ್ರಹಿಸುವ ನರಗ್ರಾಹಕವನ್ನೇ ಅದೂ ಕೆಣಕುತ್ತದೆ.

ಅಂಜಲ್ ರವಾ ಫ್ರೈ, ನಿಂಬೆ ಹಿಂಡಿ: ಸುವಿನ್ಯೋ ಬ್ಲಾಂಕ್ 9 ಡಿಗ್ರಿಯಲ್ಲಿ. ಅದೇ ಮೀನಿಗೆ ಕೆಂಪು ಕೊಟ್ಟರೆ ವೈನಿನ ಕಬ್ಬಿಣದ ಅಂಶ ಮೀನಿನ ಎಣ್ಣೆಗೆ ಸೇರಿ ಬಾಯಲ್ಲಿ ಲೋಹದ ರುಚಿ. ನಾಟಿಕೋಳಿ ಸಾರು, ಮುದ್ದೆಗೆ 15 ಡಿಗ್ರಿಗೆ ತಣಿಸಿದ ಸಾಂಜೊವೇಸೆ ಎಂಬ ಕೆಂಪು ಹೊಂದುತ್ತದೆ, ಅದರ ಹುಳಿ ಸಾರಿಗೆ ಸಾಟಿ. ಕೊಡಗಿನ ಪಂದಿಕರಿ ಮಾತ್ರ ಶಿರಾಝ್‌ಗೆಂದೇ ಆದಂತಿದೆ: ಕೊಬ್ಬು, ಉಪ್ಪು, ಕಾಳುಮೆಣಸು ಮೂರೂ ಇವೆ, ಅದಕ್ಕೆ ಹಾಕುವ ಹುಳಿರಸ ಕಾಚಂಪುಳಿ ಮಾತ್ರ ಕೈಮೀರಿರಬಾರದು. ಚಕ್ಕುಲಿ, ಕೋಡುಬಳೆಗೆ ಬ್ರೂಟ್, ಅಂದರೆ ಒಣ ಗುಳ್ಳೆ ವೈನ್. ಎಣ್ಣೆಯ ಜಿಡ್ಡನ್ನು ಗುಳ್ಳೆ ತೊಳೆಯುತ್ತದೆ, ಉಪ್ಪು ವೈನಿನ ಹುಳಿಯನ್ನು ಮೃದುಗೊಳಿಸುತ್ತದೆ. ಮೈಸೂರು ಪಾಕ್ ಜೊತೆ ಯಾವ ಒಣ ವೈನೂ ಬೇಡ, ಹುಳಿನೀರಾಗಿಬಿಡುತ್ತದೆ. ಉಪ್ಪಿನಕಾಯಿ ತಟ್ಟೆಯಲ್ಲಿದ್ದರೆ ಪ್ರಯೋಗ ಅಲ್ಲಿಗೇ ನಿಲ್ಲಿಸಿ.

ವೈನ್ ಒರಟು ಎನಿಸಿದರೆ ತುತ್ತಿಗೆ ಚಿಟಿಕೆ ಉಪ್ಪು, ಎರಡು ಹನಿ ನಿಂಬೆ ಹೆಚ್ಚಿಸಿ ಮತ್ತೆ ಗುಟುಕರಿಸಿ. ಬಾಟಲಿ ಬದಲಿಸುವುದಕ್ಕಿಂತ ಇದು ಅಗ್ಗ.

ಕೆಟ್ಟದ್ದು, ಕೆಡದ್ದು

ಒದ್ದೆ ರಟ್ಟಿನ ಮುಗ್ಗಲು ವಾಸನೆ ಬಂದರೆ ಕಾರ್ಕಿನ ದೋಷ, ಗಾಳಿಯಾಡಿಸಿದರೂ ಹೋಗದು. ಉಗುರುಬಣ್ಣ ತೆಗೆಯುವ ದ್ರಾವಣದ ಘಾಟಿದ್ದರೆ ವಿನಿಗರ್‌ನತ್ತ ಹೊರಟಿದೆ. ಗೀರಿದ ಬೆಂಕಿಕಡ್ಡಿ, ಕೊಳೆತ ಮೊಟ್ಟೆಯ ವಾಸನೆಯಾದರೆ ಗಂಧಕದ್ದು: ಜಗ್ಗಿಗೆ ಸುರಿದು ಇಪ್ಪತ್ತು ನಿಮಿಷ ಬಿಡಿ, ಹೋಗದಿದ್ದರೆ ಶುಚಿಯಾದ ತಾಮ್ರದ ಚಮಚದಲ್ಲಿ ಕೆಲವು ಕ್ಷಣ ಕಲಕಿ. ದೇವರಮನೆಯ ಉದ್ಧರಣೆಗೆ ಕೈಹಾಕಬೇಡಿ, ವೈನ್ ಸರಿಯಾದರೂ ಮನೆ ಸರಿಯಾಗುವುದಿಲ್ಲ. ಬಿಳಿ ವೈನಿನ ತಳದಲ್ಲಿ ಸಕ್ಕರೆಯಂಥ ಹರಳು ಕಂಡರೆ ಅದು ಗಾಜಲ್ಲ, ದ್ರಾಕ್ಷಿಯದೇ ಟಾರ್ಟಾರಿಕ್ ಆಮ್ಲದ ಲವಣ. ಬಾಟಲಿ ವಾಲಿಸಿ ನಿಧಾನ ಸುರಿದು, ಗಷ್ಟು ಇದ್ದರೆ ಕೊನೆಯ ಗುಟುಕು ಬಿಡಿ.

ಬಾಕಿ

ನಂದಿ ತಪ್ಪಲಿನ ಗ್ರೋವರ್ ಲಾ ರಿಸರ್ವ್ ಎದುರು ಮಹಾರಾಷ್ಟ್ರದ ಅಕ್ಲೂಜ್‌ನ ಫ್ರಾಟೆಲ್ಲಿ ಸೆಟ್ಟೆ: ಎರಡರಲ್ಲೂ ಕ್ಯಾಬರ್ನೆ ಇದೆ, ಒಂದರಲ್ಲಿ ಜೊತೆಗಾರ ಶಿರಾಝ್, ಇನ್ನೊಂದರಲ್ಲಿ ಸಾಂಜೊವೇಸೆ. ಎರಡೂ 17 ಡಿಗ್ರಿ, ಲೇಬಲ್ ಕಾಣದಂತೆ ಕಾಗದ ಸುತ್ತಿ. ಹಂಪಿ ಕಡೆಯ ಕ್ರಿಸ್ಮಾದ ಕ್ಯಾಬರ್ನೆ ಸಿಕ್ಕರೆ ಅದಕ್ಕೊಂದು ಪ್ರತ್ಯೇಕ ಸಂಜೆ. ಎಣ್ಣೆಗಾಯಿ, ಜೋಳದ ರೊಟ್ಟಿಗೆ ಇನ್ನೂ ಜೋಡಿ ಕೂಡಿಲ್ಲ. ಗುರೆಳ್ಳು, ಶೇಂಗಾದ ಜಿಡ್ಡಿಗೆ ರೋಸೆ ಮತ್ತು ಓಕ್ ಮುಟ್ಟಿದ ಬಿಳಿ, ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ದ್ರಾಕ್ಷಾರಸ ಉತ್ಸವಕ್ಕೆ ಹೋಗುವವರು ಬಿಳಿಯಿಂದ ಕೆಂಪಿಗೆ, ಒಣದರಿಂದ ಸಿಹಿಗೆ ಹೋಗಿ, ಉಗುಳಲು ಕಾಗದದ ಲೋಟವೊಂದನ್ನು ಕೈಯಲ್ಲೇ ಇಟ್ಟುಕೊಳ್ಳಿ.